ಸರ್ಜಾನ ಹೆಗಲಿಗೆ ಹಚ್ಚಿದ ಮುಲಾಮು

ನಮ್ಮ ಅತ್ತೆ ಗುರುಬಸವ್ವನಿಗೆ ಸಿಟ್ಟು ಬಂತೆಂದರೆ ಚಿಮ್ಮಡದ ನಮ್ಮ ಓಣಿಯಲ್ಲಿ ಒಬ್ಬರೂ ಹೊರಗೆ ಕಾಣುವುದಿಲ್ಲ. ಉಬ್ಬಿಸಿ ಹೇಳುತ್ತಿಲ್ಲ, ನಾನು ಅದೇ ಮನೆಯ ಸೊಸೆ ವೈಶಾಲಿ, ದಿನಾ ನೋಡುತ್ತೇನೆ. ಆದರೆ ಅದೇ ಬಾಯಿ ಕೊಟ್ಟಿಗೆಯೊಳಗೆ ಹೋದರೆ ಬೇರೆಯೇ ಆಗಿಬಿಡುತ್ತದೆ. "ಏನಪ್ಪಾ ನಮ್ಮ ಸರ್ಜಾ, ನಿದ್ದಿ ಬಂದಿಲ್ಲೇನು? ಸೊಳ್ಳಿ ಕಡದುವೇನು?" ಎಂದು ಎತ್ತಿನ ಗಂಗೆದೊಗಲು ಸವರುತ್ತ ಕೇಳುವುದನ್ನು ನೋಡಿ ನನ್ನ ಗಂಡ ಸಿದ್ದಾರೂಢ, "ನನಗ ಒಂದ ದಿನನೂ ಹಿಂಗ ಕೇಳಿಲ್ಲ ನೋಡ ನಮ್ಮವ್ವ" ಎಂದು ನಗುತ್ತಾನೆ.

ಅತ್ತೆಯ ತವರು ಹಿಪ್ಪರಗಿ, ಹೊಳೆ ದಂಡೆಯ ಊರು. ಹುಡುಗಿಯಾಗಿದ್ದಾಗ ಈಜುವ ಎಮ್ಮೆಯ ಬೆನ್ನ ಮೇಲೆ ಕೂತು ಹೊಳೆಯಲ್ಲಿ ತಿರುಗುತ್ತಿದ್ದರಂತೆ. ಒದೆಯುವ ಎಮ್ಮೆ ಯಾರ ಮನೆಯಲ್ಲಿದ್ದರೂ ಹಿಂಡುವುದಕ್ಕೆ ಈಗಲೂ ಇವರನ್ನೇ ಕರೆಯುತ್ತಾರೆ. ನಾನು ಬನಹಟ್ಟಿಯವಳು, ಮಗ್ಗದ ಸದ್ದಿನಲ್ಲಿ ಬೆಳೆದವಳು, ಈಗ ತೇರದಾಳದ ಒಂದು ಸೊಸೈಟಿಯಲ್ಲಿ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ಅಂಗೈ ಹಿಡಿದು ನೋಡಿ, "ಇದು ಹೆಂಡಿ ಮುಟ್ಟಿದ ಕೈ ಅಲ್ಲ ಬಿಡ" ಎಂದಿದ್ದರು. ನನಗೆ ಮೈಯೆಲ್ಲ ಉರಿದಿತ್ತು.

ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಆದರೂ ಬಿಳಿ ಖಿಲಾರಿ ಎತ್ತುಗಳ ಒಂದು ಜೋಡಿಯನ್ನು ಅತ್ತೆ ಬಿಟ್ಟುಕೊಟ್ಟಿಲ್ಲ. ಸರ್ಜಾ, ಮಾಣಿಕ. ಕರುಗಳಾಗಿದ್ದಾಗಿನಿಂದ ಸಾಕಿದ್ದು. ಎರಡೂ ಒಂದೇ ಗೋದಲಿಯಲ್ಲಿ ಮೇವು ತಿನ್ನುತ್ತವೆ, ಒಂದರ ಮೈ ಒಂದು ನೆಕ್ಕುತ್ತ ನಿಲ್ಲುತ್ತವೆ. ಈ ಸೀಮೆಯಲ್ಲಿ ಜೋಡಿಯೆತ್ತನ್ನು ಬೇರೆ ಬೇರೆ ಕಟ್ಟುವ ಪದ್ಧತಿ ಇಲ್ಲ. ಹಾಗೆ ಕಟ್ಟಿದರೆಂದರೆ ಒಂದು ಸತ್ತಿರಬೇಕು, ಇಲ್ಲ ಮಾರಿಹೋಗಿರಬೇಕು. ನೋಡಿದವರು "ಏನಾತ್ರಿ ಜೋಡಿಗೆ?" ಎಂದು ಕೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಮಾವ ಚನಮಲ್ಲಪ್ಪನವರು ಒಂದು ಶಾಣೇತನ ಮಾಡಿದರು. ಮರದ ನೊಗ ಪದೇ ಪದೇ ಸೀಳುತ್ತದೆಂದು ಕಬ್ಬಿಣದ ಪೈಪಿನ ನೊಗ ಮಾಡಿಸಿ ತಂದರು. ಅತ್ತೆ ಬ್ಯಾಡ ಬ್ಯಾಡ ಎಂದರೂ ಕೇಳಲಿಲ್ಲ. ಆ ಸುಡುಬಿಸಿಲಲ್ಲಿ ಹೊಲಕ್ಕೆ ತಿಪ್ಪೆಗೊಬ್ಬರ ಹೇರಿ ಮುಗಿಯುವಷ್ಟರಲ್ಲಿ ಸರ್ಜಾನ ಹೆಗಲ ಚರ್ಮ ಕಿತ್ತು ಅಂಗೈಯಗಲ ಹುಣ್ಣಾಗಿತ್ತು. ಓಣಿಯವರೆಲ್ಲ ಡಾಕ್ಟರಾದರು. ಒಬ್ಬ ಅರಿಶಿನ ಅಂದ, ಒಬ್ಬ ಸುಣ್ಣ ಅಂದ. ಪಕ್ಕದ ಮನೆಯ ಹಣಮಂತ ಗಾಡಿಯ ಸುಟ್ಟ ಆಯಿಲ್ ಡಬ್ಬಿಯನ್ನೇ ಹಿಡಿದುಕೊಂಡು ಬಂದ.

"ಮೊದಲ ನಿನ್ನ ಹೆಗಲಿಗೆ ಹಚ್ಚಿ ತೋರಿಸಲೇ!" ಎಂದು ಅತ್ತೆ ಕಸಬರಿಗೆ ಎತ್ತಿದರು. ಅವನು ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದ.

ಮಾವನವರಿಗೆ ಆ ಹುಣ್ಣು ನೋಡಲು ಆಗುತ್ತಿರಲಿಲ್ಲ. ತಪ್ಪು ತಮ್ಮದೆಂದು ಗೊತ್ತು, ಒಪ್ಪಿಕೊಳ್ಳಲು ಬಾಯಿ ಬರದು. ಒಂದು ದಿನ ಊಟಕ್ಕೆ ಕೂತಾಗ, "ಕಾರ ಹುಣ್ಣಿವಿತನಕ ನೋಡ್ತೇನಿ. ಮಾಯಲಿಲ್ಲಂದ್ರ ಮುಧೋಳ ಸಂತಿಗೆ ಹೊಡಕೊಂಡು ಹೋಗ್ತೇನಿ. ಮಾಣಿಕನ ಜೋಡಿ ಬ್ಯಾರೆ ಎತ್ತು ತರೂಣಂತ" ಅಂದುಬಿಟ್ಟರು. ಅತ್ತೆಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಹೆಗಲು ಹುಣ್ಣಾದ ಎತ್ತನ್ನು ಹೊಲ ಹೂಡಲು ಯಾರು ಕೊಳ್ಳುತ್ತಾರೆ? ಅದು ಎಲ್ಲಿಗೆ ಹೋಗುತ್ತದೆಂದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಮರುದಿನವೇ ನಾನು ದನದ ಡಾಕ್ಟರ್ ಸಂಧ್ಯಾ ಅವರಿಗೆ ಫೋನ್ ಮಾಡಿದೆ. ಬಂದರು, ಹುಣ್ಣು ನೋಡಿದರು, ನೊಗ ನೋಡಿ ಹಲ್ಲು ಕಚ್ಚಿದರು. ಉಗುರುಬೆಚ್ಚಗಿನ ಉಪ್ಪುನೀರಿನಿಂದ ತೊಳೆಯಬೇಕು, ಒಣ ಬಟ್ಟೆಯಿಂದ ಒತ್ತಿ ಆರಿಸಬೇಕು, ಆಮೇಲೆ ಮುಲಾಮು ತೆಳ್ಳಗೆ ಹಚ್ಚಬೇಕು, ನೊಗದ ಮಾತೇ ಎತ್ತಬಾರದು ಎಂದು ಹೇಳಿ ಕೆಂಗಂದು ಬಣ್ಣದ ಅಯೋಡಿನ್ ಮುಲಾಮು ಕೊಟ್ಟರು. ಅತ್ತೆ ಬೆಳಿಗ್ಗೆ ಸಂಜೆ ತಪ್ಪದೆ ಮಾಡಿದರು. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವುದೇನು, ತೊಳೆದ ಮೇಲೆ ಊದುವುದೇನು! ಹುಣ್ಣು ಮಾತ್ರ ಅಷ್ಟೇ ಹಸಿ, ಅಷ್ಟೇ ಕೆಂಪು. ಮುಲಾಮು ಹಚ್ಚಿದ ಗುರುತೂ ಇಲ್ಲ.

ಮತ್ತೆ ಬಂದ ಡಾಕ್ಟರ್ ನೆಟ್ಟಗೆ ಕೇಳಿದರು: "ಅಮ್ಮಾರ, ಖರೆ ಹೇಳ್ರಿ. ಔಷಧ ಹಚ್ಚಾಕತ್ತೀರೋ ಇಲ್ಲೋ? ಎತ್ತಿಗೆ ತನ್ನ ಹೆಗಲು ತಾನ ನೆಕ್ಕಾಕ ಬರೂದಿಲ್ಲ. ಹಚ್ಚಿದ್ದು ಎಲ್ಲಿ ಹೋಗ್ತೈತಿ?"

ಅಯ್ಯೋ, ಆ ಪ್ರಶ್ನೆ! ಅತ್ತೆಯ ಮುಖ ಕೆಂಪಾಯಿತು. "ನಾ ಉಂಡಿದ್ದು ಮರೀಬಹುದು, ಇದಕ್ಕ ಹಚ್ಚೂದು ಮರೀತೀನೇನ್ರಿ ಬಾಯಾರ? ನನ್ನ ಉಗುರು ನೋಡ್ರಿ!" ಎಂದು ಕಲೆಹಿಡಿದ ಹತ್ತೂ ಬೆರಳು ಡಾಕ್ಟರ ಮೂಗಿನ ಮುಂದೆ ಹಿಡಿದರು. ಡಾಕ್ಟರೂ ಸುಮ್ಮನಿರುವವರಲ್ಲ. ಹಾಗಾದರೆ ಎತ್ತನ್ನು ಯಾರೂ ಮುಟ್ಟದ ಜಾಗದಲ್ಲಿ ಒಂಟಿಯಾಗಿ ಕಟ್ಟಿರಿ ಎಂದರು. "ಜೋಡಿ ಮುರಿಯೂದಿಲ್ರಿ" ಎಂದು ಅತ್ತೆ ಒಳಗೆ ಹೋದರು. ನಾನು ನಡುವೆ ನಿಂತು ಇಬ್ಬರಿಗೂ ಚಹಾ ಕೊಟ್ಟೆ, ಒಬ್ಬರೂ ಕುಡಿಯಲಿಲ್ಲ.

ಆಮೇಲೊಂದು ಭಾನುವಾರ. ನನಗೆ ರಜೆ. ಅತ್ತೆ ಮುಲಾಮು ಹಚ್ಚಿ ಕೈ ತೊಳೆಯಲು ಹೋಗಿದ್ದರು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಸುಮ್ಮನೆ ಕೊಟ್ಟಿಗೆಯ ಕಡೆ ನೋಡಿದೆ. ಮಾಣಿಕನ ಬಾಯಿಂದ ರಕ್ತ! ಹಾಲಿನಂಥ ಬಿಳಿ ಮೂತಿ, ಕೆಂಪು ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದೆ.

"ಅತ್ತೀ, ಓಡಿ ಬರ್ರಿ! ಮಾಣಿಕ ರಕ್ತ ಕಾರಾಕತ್ತೇತಿ!"

ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಓಡಿಬಂದರು, ಹಿಂದೆ ಮಾವ, ಅವರ ಹಿಂದೆ ಅರ್ಧ ಓಣಿ. "ನನ್ನ ಬಂಗಾರಾ, ನಿನಗೇನಾತೋ" ಎಂದು ಅತ್ತೆ ಅಳುತ್ತಲೇ ಅದರ ಮೂತಿ ಒರೆಸಿದರು, ಬೆರಳು ಮೂಸಿದರು. ಮತ್ತೊಮ್ಮೆ ಮೂಸಿದರು. ಅಳು ನಿಂತೇ ಹೋಯಿತು. ನನ್ನ ಮೂಗಿಗೂ ಬೆರಳು ಹಿಡಿದರು. ಮುಲಾಮಿನ ವಾಸನೆ!

ನಾವು ನೋಡುತ್ತಿದ್ದಂತೆಯೇ ಮಾಣಿಕ ಕುತ್ತಿಗೆ ಚಾಚಿ, ಒರಟು ನಾಲಿಗೆಯಿಂದ ಸರ್ಜಾನ ಹೆಗಲನ್ನು ಪ್ರೀತಿಯಿಂದ ನೆಕ್ಕಿತು. ಉಳಿದಿದ್ದ ಮುಲಾಮೂ ಹೋಯಿತು, ಹುಣ್ಣಿನ ಮೇಲೆ ಆಗಷ್ಟೇ ಕಟ್ಟಿದ್ದ ತೆಳು ಪೊರೆಯೂ ಹೋಯಿತು. ಸರ್ಜಾ ಕಣ್ಣು ಮುಚ್ಚಿ ಸುಖವಾಗಿ ನಿಂತಿತ್ತು.

"ಎಲಾ ಕಳ್ಳಾ!" ಅತ್ತೆ ಹಣೆ ಹಣೆ ಬಡಿದುಕೊಂಡರು. ಓಣಿಯವರು ಬಿದ್ದು ಬಿದ್ದು ನಕ್ಕರು.

ಮಾವನವರು ನಗಲಿಲ್ಲ. ಮಾಣಿಕನ ಹಗ್ಗ ಬಿಚ್ಚಿ ಹಿತ್ತಲಿನ ಬೇವಿನ ಮರಕ್ಕೆ ಒಯ್ದು ಕಟ್ಟಿದರು. ತಗೊಳ್ಳಿ, ಶುರುವಾಯಿತು ರಂಪ! ಅಲ್ಲಿಂದ ಮಾಣಿಕ ಕೂಗುತ್ತದೆ, ಇಲ್ಲಿಂದ ಸರ್ಜಾ ಕೂಗುತ್ತದೆ. ಹಾಕಿದ ಹಸಿ ಮೇವನ್ನು ಎರಡೂ ಮೂಸಿಯೂ ನೋಡಲಿಲ್ಲ. ಸರ್ಜಾ ಹಗ್ಗ ಜಗ್ಗಿ ಜಗ್ಗಿ ಹೆಗಲನ್ನು ಕಂಬಕ್ಕೆ ಉಜ್ಜಿಕೊಂಡಿತು, ಈ ಸಲ ಖರೇನೇ ರಕ್ತ ಬಂತು. ಒಟ್ಟಿಗೆ ಕಟ್ಟಿದರೆ ನೆಕ್ಕುತ್ತದೆ, ಬೇರೆ ಕಟ್ಟಿದರೆ ಹೀಗೆ. ಕಾರ ಹುಣ್ಣಿಮೆ ಹತ್ತಿರ ಬರುತ್ತಿದೆ. ನನಗೆ ತಲೆಕೆಟ್ಟು ಹೋಯಿತು.

"ಹಂಗಾದ್ರ ಆ ಮಾಣಿಕನ ಬಾಯಿಗೆ ಕೀಲಿ ಹಾಕ್ರಿ ಅತ್ತಿ!" ಎಂದು ಚೀರಿದೆ.

ಅತ್ತೆ ಗಕ್ಕನೆ ತಿರುಗಿ ನನ್ನನ್ನೇ ನೋಡಿದರು. ಬೈಗುಳ ಬಂತೆಂದುಕೊಂಡೆ. ಅವರು ಅಟ್ಟದ ಏಣಿ ಹತ್ತಿ, ಧೂಳು ಕೊಡವುತ್ತ ಒಂದು ಬಾಯಿಕುಕ್ಕೆ ತಂದರು. ಬೆಳೆಯ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲೆಂದು ಮೂತಿಗೆ ಕಟ್ಟುವ ಹಗ್ಗದ ಬಲೆ ಅದು. ಪ್ರತಿ ವರ್ಷ ಹೊಲದಲ್ಲಿ ಕಟ್ಟುವುದೇ. ಮನೆಯಲ್ಲಿ ಕಟ್ಟಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಖರೇನ ಶಾಣೆ ಅದಿ ಬೇ ನೀ!" ಎಂದು ನನ್ನ ಕೆನ್ನೆ ಹಿಂಡಿದರು. ಆ ಕೈಯ ಮುಲಾಮು ನನ್ನ ಕೆನ್ನೆಗೂ ಹತ್ತಿತು. ನನಗೆಷ್ಟು ಖುಷಿಯಾಯಿತೆಂದರೆ ಒರೆಸಿಕೊಳ್ಳಲೂ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆವು. ಅವರು ಮೊದಲು ಜೋರಾಗಿ ನಕ್ಕು, ಆಮೇಲೆ ಅತ್ತೆಗೆ "ತಪ್ಪು ತಿಳಕೊಂಡಿದ್ದೆರಿ ಅಮ್ಮಾರ" ಎಂದರು. ಮೆಲುಕು ಹಾಕಲು ಬರುವಷ್ಟು ಸಡಿಲ ಕಟ್ಟಿ, ಮೇವು ನೀರಿನ ಹೊತ್ತಿಗೆ ಬಿಚ್ಚಿ, ಆಗ ಯಾರಾದರೂ ಎದುರಿಗಿರಿ ಎಂದು ಹೇಳಿದರು. ಯಾರಾದರೂ ಏನು, ಅತ್ತೆಯೇ ಗೋದಲಿಯ ಮುಂದೆ ಮಣೆ ಹಾಕಿಕೊಂಡು ಕೂತರು. ಮಾಣಿಕ ಕುತ್ತಿಗೆ ಹೊರಳಿಸಿದರೆ ಸಾಕು, "ಹಾಂ! ಮೇವ ತಿನ್ನು ಸುಮ್ಕ!" ಎನ್ನುವರು. ಅದು ಮುಖ ಉಬ್ಬಿಸಿಕೊಂಡು ಮೇವು ತಿನ್ನುವುದು. ಎರಡೂ ಮತ್ತೆ ಕೊಟ್ಟಿಗೆಯಲ್ಲಿ ಮೈಗೆ ಮೈ ಹಚ್ಚಿ ನಿಂತವು, ಜೋಡಿ ಮುರಿಯಲಿಲ್ಲ. ಹುಣ್ಣಿನ ಅಂಚು ಒಣಗಿತು, ಒಳಗೆ ಗುಲಾಬಿ ಚರ್ಮ ಬಂತು, ಅದರ ಮೇಲೆ ಸಣ್ಣ ಬಿಳಿ ಕೂದಲು. ದಿನಾ ಸಂಜೆ ನಾನು ಬಸ್ಸಿಂದ ಇಳಿದು ಬಂದದ್ದೇ ಅತ್ತೆ ಕೈ ಹಿಡಿದು ಎಳೆದೊಯ್ದು, "ಇಲ್ಲಿ ನೋಡ, ಇಲ್ಲಿ ನೋಡ" ಎಂದು ತೋರಿಸುವರು. ನಾನು ಚಪ್ಪಲಿ ಕಳೆಯುವುದನ್ನೂ ಮರೆತು ನೋಡುತ್ತಿದ್ದೆ.

ಕಾರ ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಎತ್ತು ತೊಳೆಯುವ, ಕೋಡಿಗೆ ಬಣ್ಣ ಬಳಿಯುವ ಗದ್ದಲ. ನಮ್ಮ ಅಂಗಳದಲ್ಲಿ ಯಾರೂ ಬಣ್ಣದ ಡಬ್ಬಿ ಮುಚ್ಚಳ ತೆಗೆದಿರಲಿಲ್ಲ. ಮಾವನವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಸರ್ಜಾನ ಹೆಗಲ ಮೇಲೆ ಕೈಯಿಟ್ಟರು. ಮೆಲ್ಲಗೆ ಒತ್ತಿದರು, ಎತ್ತು ಅಲುಗಲಿಲ್ಲ. ಜೋರಾಗಿ ಒತ್ತಿದರು. ಸರ್ಜಾ ಬಾಲ ಬೀಸಿ ನೊಣ ಹೊಡೆಯಿತು, ಅಷ್ಟೇ. ನಾನು ಅತ್ತೆಯ ಸೆರಗು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮಾವನವರು ಅತ್ತೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಇನ್ನ ಮಾರೂದಿಲ್ಲ ತಗೋ" ಎಂದರು.

ಅತ್ತೆಯ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ದನಿ ಮಾತ್ರ ಬೆಂಕಿ. "ನನಗ ಯಾಕ ಹೇಳ್ತೀರಿ? ಹೆಗಲು ನಂದೇನು? ಅದಕ್ಕ ಹೇಳ್ರಿ!"

ಓಣಿಯ ಮಂದಿ ಗೋಡೆಯ ಆಚೆ ನಿಂತು ನೋಡುತ್ತಿದ್ದರು. ಯಾರಿಗೂ ತಲೆ ಬಾಗಿಸದ ನಮ್ಮ ಮಾವ ಚನಮಲ್ಲಪ್ಪನವರು ಅಷ್ಟು ಜನರ ಮುಂದೆ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಬಾಗಿ, ಎತ್ತಿನ ಕಿವಿಗೆ ಬಾಯಿ ಹಚ್ಚಿದರು.

"ಸರ್ಜಾ, ತಪ್ಪಾತಪ್ಪಾ. ನೀ ಎಲ್ಲೂ ಹೋಗೂದಿಲ್ಲ."

"ಅದಕ್ಕೂ ಹೇಳ್ರಿ," ಅತ್ತೆ ಮಾಣಿಕನ ಕಡೆ ಬೆರಳು ತೋರಿಸಿದರು.

ಮಾವನವರು ಆ ಕಡೆಗೆ ಹೋಗಿ, ಮಾಣಿಕನ ಕಿವಿಯಲ್ಲೂ ಹೇಳಿದರು.