ಹ್ಞೂಂ ಅನ್ನುವ ಕೆಲಸ

ಪುಸ್ತಕ ತೆರೆದರೆ ಒಂದಕ್ಷರವಿಲ್ಲ. ಮೇಕೆಯೊಂದು ಬಸ್ಸು ಹತ್ತುತ್ತಿತ್ತು, ಅಷ್ಟೇ. ಹಾಳೆ ತಿರುವಿದೆ, ಅಲ್ಲೂ ಬರೀ ಚಿತ್ರ. "ಇದರಾಗ ಅಕ್ಷರ ಹಾಕೋದು ಮರ್ತಾರ್ರೀ" ಎಂದು ಶಾಂತಮ್ಮ ಮೇಡಂಗೆ ವಾಪಸ್ ಕೊಡಲು ಹೋದೆ. ನಾನು ಹೊಸದಾಗಿ ಮಿಸ್ ಆಗಿ ಸೇರಿದ್ದ ಬಾಗಲಗುಂಟೆಯ ಈ ಶಿಶುವಿಹಾರ ನಡೆಸುವವರು ಅವರು, ಇಲ್ಲೇ ಹುಟ್ಟಿ ಬೆಳೆದವರು. ನಕ್ಕುಬಿಟ್ಟರು.

"ಅದಿರೋದೇ ಅಂಗೆ ಕಣ್ರೀ. ಕತೆ ಮಕ್ಳೇ ಯೋಳ್ಬೇಕು. ಒಂದ್ ತಿಂಗ್ಳು ನೋಡಾನ, ನಿಮ್ಗೆ ಒಗ್ಗುತ್ತಾ ಅಂತ."

ಒಗ್ಗದಿದ್ದರೆ ಮತ್ತೆ ಬಾಡಿಗೆ ಕೋಣೆಯಲ್ಲಿ ದಿನವಿಡೀ ಒಬ್ಬಳೇ. ನಮ್ಮ ಯಜಮಾನರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಸಿಕ್ಕಿತೆಂದು ಗದಗಿನ ಕಡೆಯಿಂದ ಬಂದವರು ನಾವು. ಬಂದಂದಿನಿಂದ ನಾನು ಮನಸಾರೆ ಮಾತಾಡಿದ್ದು ಫೋನಿನಲ್ಲಿ ಅವ್ವನೊಂದಿಗೆ ಮಾತ್ರ. ಊರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪಕ್ಕದ ಮನೆಯವರು ಚಟ್ನಿ ಹಿಡಿದು ಬರುತ್ತಾರೆ. ಇಲ್ಲಿ ಕೆಳಮನೆಯವರು ಹತ್ತಿ ಬಂದು, "ಏನ್ ರಿಪೇರಿ ನಡೀತಿದೆ ಅಕ್ಕಾ?" ಎಂದರು. ಆಮೇಲೆ ಅವರಿಗೂ ರೊಟ್ಟಿ ಹಿಡಿಸಿತು, ಆ ಮಾತು ಬೇರೆ.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಮೊದಲ ವಾರ ಕತೆಯನ್ನು ನಾನೇ ಹೇಳಿದೆ. ಮೇಕೆ ಸಂತೆಗೆ ಹೊರಟಿತು, ಬದನೆಕಾಯಿ ಕೊಂಡಿತು, ದಣಿದು ಬಸ್ಸಿನಲ್ಲಿ ಮಲಗಿತು. ತಮಿಳು, ತೆಲುಗು, ಹಿಂದಿ ಮನೆಯ ಮಕ್ಕಳು ಪಿಳಿಪಿಳಿ ನೋಡಿದರು. ಕನ್ನಡದ ಮನೆಯ ಹುಡುಗಿಯೇ, "ಮಿಸ್ ಯಾವ್ ಭಾಷೆ ಮಾತಾಡ್ತಾರೆ?" ಎಂದು ಪಕ್ಕದವಳನ್ನು ಕೇಳಿದಳು. ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ಮೇಡಂ, "ನೀವ್ ಸ್ವಲ್ಪ ಸುಮ್ಕಿರಿ" ಎಂದರು.

ಸುಮ್ಮನಿರುವುದು ನನ್ನಿಂದಾಗದು. ಆದರೆ ನಮ್ಮ ಕಡೆ ಒಂದು ಪದ್ಧತಿಯಿದೆ: ಕತೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು. 'ಹ್ಞೂಂ' ನಿಂತರೆ ಅವ್ವ ಕತೆಯನ್ನೂ ನಿಲ್ಲಿಸುತ್ತಿದ್ದಳು. ಮರುದಿನ ಮೇಕೆ ಮಲಗಿದ್ದ ಪುಟ ತೆರೆದು, "ಹ್ಞೂಂ?" ಎಂದಷ್ಟೇ ಅಂದು ಕೂತೆ.

ಕೊನೆಗೆ ಕಿರಣನೆಂಬ ಹುಡುಗ ಚಿತ್ರದ ಮೇಲೆ ಬೆರಳಿಟ್ಟ. ಅವನಪ್ಪನದೂ ಪಾಳಿ ಕೆಲಸವೇ.

"ನೈಟ್ ಶಿಫ್ಟ್ ಮುಗ್ಸ್ಕೊಂಡ್ ಬರ್ತಿದೆ ಮಿಸ್. ಎಬ್ಬಿಸ್ಬೇಡಿ."

"ಹ್ಞೂಂ."

"ಎಬ್ಬಿಸ್ಲಿಲ್ಲ ಅಂದ್ರೆ ಮೆಜೆಸ್ಟಿಕ್‌ಗೆ ಹೋಗ್ಬಿಡುತ್ತೆ!" ಇನ್ನೊಬ್ಬಳು ಕೂಗಿದಳು.

"ಹ್ಞೂಂ!"

ಮುಂದಿನ ಅರ್ಧ ಕತೆ ತೆಲುಗಿನಲ್ಲಿ ಓಡಿತು. ನನ್ನ 'ಹ್ಞೂಂ' ಮಾತ್ರ ಎಲ್ಲರಿಗೂ ತಿಳಿಯಿತು. ತಿಂಗಳು ಮುಗಿದಾಗ ಶಾಂತಮ್ಮ ಮೇಡಂ ಮಕ್ಕಳ ಕೋಣೆಯ ಬೀಗದ ಕೈಯನ್ನೇ ನನ್ನ ಕೈಗೆ ಕೊಟ್ಟರು. ಅಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆಗೆ ಬಂದೆ.

ಪಂಚಮಿಗೆ ತವರಿಗೆ ಹೋಗುವಾಗ ಆ ಪುಸ್ತಕ ಒಯ್ದಿದ್ದೆ. ಅಕ್ಕನ ಮಗಳು ನೀಲಾ ತೊಡೆಯೇರಿ ಕೂತಳು. ಮೇಕೆಯ ಪುಟ ತೆರೆದು, "ಹ್ಞೂಂ?" ಎಂದೆ. ಅವ್ವನ ಕೈಯಲ್ಲಿ ಪಳಗಿದ ಕೂಸು, ಅದೂ "ಹ್ಞೂಂ" ಎಂದಿತು. ನಾನು ಕಾದೆ, ಅವಳೂ ಕಾದಳು.

ಒಲೆಯ ಮುಂದಿನಿಂದ ಅವ್ವ ನಕ್ಕಳು. "ಇಬ್ರೂ ಹ್ಞೂಂ ಅಂದ್ರ ಕತಿ ಹೇಳಾವ್ರು ಯಾರವಾ?"

"ಚಿಗವ್ವಾ, ಆಡು ಎಲ್ಲಿಗೆ ಹೊಂಟೈತಿ?" ನೀಲಾ ಕೇಳಿದಳು.

ಸಂತೆಗೆ ಎನ್ನಲು ಬಾಯಿ ತೆರೆದೆ. "ಡ್ಯೂಟಿ ಮುಗಿಸಿ ಮನಿಗೆ ಹೊಂಟೈತಿ" ಎಂದುಬಿಟ್ಟೆ.

"ಅದರ ಮನಿ ಎಲ್ಲೈತಿ?"

ಹಾಳೆ ತಿರುವಿದೆ. ಅಲ್ಲೂ ಬರೆದಿರಲಿಲ್ಲ.

"ನೀನ ಹೇಳವಾ" ಎಂದೆ, ಹ್ಞೂಂ ಅನ್ನಲು ಕಾಯುತ್ತ.