ಬಿಕ್ಕಿದ ಕೂಸಿಗೆ ಯಾರ ನೆನಪು?

ಯಾರಾದರೂ ಬಿಕ್ಕಳಿಸಿದ ಸದ್ದು ಕಿವಿಗೆ ಬಿದ್ದರೆ ಸಾಕು, ತೊಗರಿಕಟ್ಟಿಗೆಯ ಹೊಗೆ ಮೂಗಿಗೆ ಬಂದಂತಾಗುತ್ತದೆ. ತೆಂಗಳಿಯ ನಮ್ಮ ತವರುಮನೆಯಲ್ಲಿ ಒಲೆಯ ಮುಂದೆ ಎಲ್ಲರೂ ಸಾಲಾಗಿ ಉಣ್ಣಲು ಕೂಡುತ್ತಿದ್ದೆವು. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಆ ಖಾರಕ್ಕೆ ಯಾರಿಗಾದರೂ ಒಬ್ಬರಿಗೆ ಬಿಕ್ಕು ಹತ್ತಲೇಬೇಕು. ಅಪ್ಪನ ತಾಯಿ, ನಮ್ಮ ಆಯಿ, ನೀರಿನ ತಂಬಿಗೆ ಸರಿಸಿ, "ಯಾರೋ ನೆನಸ್ಲಾಕತ್ಯಾರ, ಹೆಸರು ಹಿಡೀರಿ" ಎನ್ನುತ್ತಿದ್ದಳು. ಆಡಕಿ ಊರಿಗೆ ಕೊಟ್ಟ ಸೋದರತ್ತೆಯಿಂದ ಹಿಡಿದು ಬಳೆಗಾರನವರೆಗೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆವು. ಯಾರ ಹೆಸರಿಗೆ ಬಿಕ್ಕು ನಿಲ್ಲುತ್ತದೋ ಅವರೇ ನೆನೆಸಿದವರು. ಒಮ್ಮೆ ಕಾಕಾನ ಬಿಕ್ಕು, ಹಿಂದೆ ಅವನಿಗೆ ನೋಡಿ ಬಿಟ್ಟಿದ್ದ ಹೆಣ್ಣಿನ ಹೆಸರಿಗೆ ಗಪ್ಪನೆ ನಿಂತಿತು. "ಮುಂದಿನ ರೊಟ್ಟಿ ಆಕೀನೇ ಬಡ್ದು ಹಾಕ್ತಾಳ, ಹೋಗ್ರಿ" ಎಂದು ಕಾಕಿ ಬುಟ್ಟಿಯನ್ನೇ ಎತ್ತಿಟ್ಟಳು. ನಿಮ್ಮ ಮನೆಯಲ್ಲೂ ಹೀಗೆ ಹೆಸರು ಹಿಡಿಯುತ್ತಿದ್ದರಲ್ಲವೇ? ಈಗ ಆ ಒಲೆಯೂ ಇಲ್ಲ, ಕೂಗಿದ ಬಾಯಿಗಳೂ ಇಲ್ಲ.

ತೊಂಬತ್ತರ ದಶಕದಲ್ಲಿ ನಾನು ಶಹಾಬಾದಿನಲ್ಲಿದ್ದೆ. ಚಿಂಚೋಳಿಗೆ ಕೊಟ್ಟಿದ್ದ ಮಗಳು ಕಮಲಾ ಬಾಣಂತನಕ್ಕೆ ಬಂದಿದ್ದಳು. ಅದು ಎರಡನೆಯ ಬಸಿರು. ಮೊದಲನೆಯ ಕೂಸು ದಿನ ತುಂಬುವ ಮುಂಚೆ ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ಆಕೆ ನಗುವಾಗಲೂ ಒಂದು ಕೈ ಹೊಟ್ಟೆಯ ಮೇಲೇ ಇರುತ್ತಿತ್ತು. ಒಂದು ಮಧ್ಯಾಹ್ನ ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದವಳು ಒಮ್ಮೆಲೇ ಕೈಬಿಟ್ಟು ಹೊಟ್ಟೆ ಹಿಡಿದುಕೊಂಡಳು. ನಾನು ಕೈಯಿಟ್ಟು ನೋಡಿದೆ. ಒದೆತವಲ್ಲ, ಒಳಗೆ ಯಾರೋ ಒಂದೇ ತಾಳಕ್ಕೆ ಟಕ್, ಟಕ್ ಎಂದು ತಟ್ಟುತ್ತಿದ್ದಂತಿತ್ತು. ಪಕ್ಕದ ಮನೆಯ ಶಾಂತವ್ವನೂ ಮುಟ್ಟಿ ನೋಡಿ, "ಕೂಸಿಗಿ ಝಟಕಾ ಬರ್ಲಾಕತ್ತಾವ, ಫಿಟ್ಸ್ ಬಂದಂಗ, ಜಲ್ದಿ ದವಾಖಾನಿಗಿ ಒಯ್ರಿ" ಎಂದಳು. ಆಟೋದಲ್ಲಿ ಕಮಲಾ ಆಡಿದ್ದು ಒಂದೇ ಮಾತು: "ಯವ್ವಾ, ಇದೂ ಹೋಗ್ತದೇನು?"

ದವಾಖಾನೆಯ ನರ್ಸಬಾಯಿ ಕೊಳವೆಯಂಥದೊಂದನ್ನು ಹೊಟ್ಟೆಗೆ ಒತ್ತಿ ಕಿವಿಗೊಟ್ಟಳು. ನಮ್ಮಿಬ್ಬರ ಜೀವವೂ ಆಕೆಯ ಮುಖದ ಮೇಲಿತ್ತು. ಆಕೆ ನಕ್ಕಳು.

"ಝಟಕಾನೂ ಇಲ್ಲ ಗಿಟಕಾನೂ ಇಲ್ಲ. ಎದಿ ಛಲೋ ಬಡೀಲಾಕತ್ತದ. ಕೂಸಿಗಿ ಬಿಕ್ಕು ಹತ್ತ್ಯಾವ, ಅಷ್ಟೇ."

"ಇನ್ನಾ ಹುಟ್ಟೇ ಇಲ್ಲಲ್ರಿ ಬಾಯಾರೆ, ಅದಕ್ಕ ಯಾರು ನೆನಸ್ತಾರ?" ಎಂದೆ. ರೂಢಿ ಎಲ್ಲಿ ಬಿಟ್ಟೀತು, ಅಲ್ಲೇ ನಿಂತು ಬೀಗರ ಮನೆಯವರಿಂದ ಹೆಸರು ಹಿಡಿಯಲು ಶುರುಮಾಡಿದೆ.

"ಏ ಅವ್ವಾ, ನಿಂದ್ರಸ್ಲಾಕ ಹೋಗಬ್ಯಾಡ್ರಿ!" ಎಂದು ನರ್ಸಬಾಯಿ ನನ್ನ ಕೈ ಹಿಡಿದಳು. "ಎದಿ, ಹೊಟ್ಟಿ ನಡುವ ಮಾಂಸದ ಒಂದು ಪರದಾ ಇರ್ತದ. ಅದು ಕೆಳಗ ಜಗ್ಗಿದ್ರೇ ನಮಗ ಉಸಿರು. ಒಮ್ಮೊಮ್ಮೆ ತಾನೇ ಪಟ್ ಅಂತ ಜಗ್ತದ, ಅದೇ ಬಿಕ್ಕು. ಹೆಸರು ಹುಡ್ಕೋ ಧ್ಯಾನದಾಗ ಉಸಿರು ಬಿಗಿ ಹಿಡೀತೀರಿ, ಪರದಾ ತಣ್ಣಗಾಗ್ತದ. ಹೊಟ್ಟ್ಯಾಗಿನ ಕೂಸಿಗಿ ಗಾಳಿ ಎಲ್ಲೈತಿ? ಬರೇ ನೀರು. ಆದ್ರೂ ಅದು ಪರದಾ ಜಗ್ಗಿ ಜಗ್ಗಿ ನೋಡ್ತದ. ಯಾಕಂತ ಡಾಕ್ಟರ್ರಿಗೂ ಪೂರಾ ಗೊತ್ತಿಲ್ಲ. ಉಸಿರಾಡೋ ತಾಲೀಮು ಅಂತಾರ."

ತಾಲೀಮು! ಕುಸ್ತಿಯ ಹುಡುಗರು ಮಾಡುವುದನ್ನು ಕಂಡಿದ್ದೆ, ಬಯಲಾಟದವರು ಮಾಡುವುದನ್ನು ಕೇಳಿದ್ದೆ. ಕಾಣದ ಲೋಕಕ್ಕೆ ಬರಲು, ಇಲ್ಲದ ಗಾಳಿಯನ್ನು ಉಸಿರಾಡಲು, ಕತ್ತಲ ನೀರಿನಲ್ಲಿ ಒಂದು ಜೀವ ತಾಲೀಮು ಮಾಡುತ್ತದೆಂದರೆ! ಹೋಗುವಾಗ ಅತ್ತುಕೊಂಡು ಹೋದವರು ಬರುವಾಗ ಇಡೀ ಓಣಿಗೆ ಕೇಳುವಂತೆ ನಗುತ್ತ ಬಂದೆವು. ಆಮೇಲಂತೂ ಹೊಟ್ಟೆ ಟಕ್ ಎಂದಾಗಲೆಲ್ಲ ನಾನು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. "ಹಾಂ, ಜಗ್ಗು ನನ್ನ ಪೈಲ್ವಾನಾ, ಇನ್ನಾ ಜೋರ್ ಜಗ್ಗು!" ಶಾಂತವ್ವ ಬಾಗಿಲಿಂದಲೇ, "ಮುದುಕಿಗಿ ಹುಚ್ಚು ಹಿಡದಾದ" ಎಂದು ಅಣಕಿಸಿ, ತಾನೂ ಬಂದು ಕೈಯಿಡುತ್ತಿದ್ದಳು.

ಹೆರಿಗೆಯ ದಿನ ನಾನು ಬಾಗಿಲಾಚೆ ನಿಂತಿದ್ದೆ. ಒಳಗಿನ ಸದ್ದೆಲ್ಲ ಒಮ್ಮೆಲೇ ಅಡಗಿತು. ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಆಗ ಬಂತು ನೋಡಿ ಆ ಚೀರಾಟ, ಗೋಡೆ ಬಿರಿಯುವಂಥದು! "ಉಸಿರಾಡ್ತು, ನನ್ನ ಕೂಸು ಉಸಿರಾಡ್ತು" ಎಂದು ನಾನು ಅಲ್ಲೇ ಕುಣಿದಾಡಿದೆ. "ಯವ್ವಾ, ಕೂಸಿಗಿಂತ ನಿಮ್ದೇ ಜೋರಾಯ್ತಲ್ರಿ" ಎಂದು ನರ್ಸಬಾಯಿ ಗದರಿಸಿದರೂ ನಿಲ್ಲಲಿಲ್ಲ.

ಸಂಜೆ ಕಮಲಾ ಮಗಳನ್ನು ಎದೆಗೆ ಹಾಕಿಕೊಂಡು ಅದರ ಬೆನ್ನು ಸವರುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಯವ್ವಾ, ಮೊದಲ್ನೇ ಕೂಸೂ ತಾಲೀಮು ಮಾಡಿತ್ತೇನು?"

"ಮಾಡಿತ್ತವ್ವಾ," ಎಂದೆ. "ಖರೇನ ಮಾಡಿತ್ತು."

ಅವಳು ಮೊದಲ ಸಲ ಆ ಹೋದ ಕೂಸಿಗಾಗಿ ಬಾಯಿಬಿಟ್ಟು ಅತ್ತಳು. ಎದೆಯ ಮೇಲಿನ ಪುಟ್ಟ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು.