ಹಸಿರು ಚಡ್ಡಿಯವನ ಎದುರು ಪಾರ್ಟಿ

ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ಮೊದಲ ಶಿಫ್ಟಿನವರನ್ನು ಕರೆದೊಯ್ಯುವ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಅರ್ಧ ಜನ ನಿದ್ದೆ ಮಾಡುತ್ತಾರೆ, ಉಳಿದರ್ಧ ಫೋನು ಉಜ್ಜುತ್ತಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಅದೇ ಬಸ್ಸಿನಲ್ಲಿ ನಾನೂ ಫೋನು ಉಜ್ಜುತ್ತಿದ್ದಾಗ ಅವನು ಸತ್ತ ಸುದ್ದಿ ಕಂಡಿತು. ಅವನೆಂದರೆ ಟೀವಿ ಕುಸ್ತಿಯ ಒಬ್ಬ ಹಳೆಯ ಪೈಲ್ವಾನ, ಅಮೆರಿಕದವನು. ನಾನೊಬ್ಬ ಈ ಭೂಮಿಯ ಮೇಲಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಆದರೂ ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ. ಯಾರಿಗಾದರೂ ಹೇಳಬೇಕೆನಿಸಿ ಪಕ್ಕಕ್ಕೆ ತಿರುಗಿದೆ. ಪಕ್ಕದವರು ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸಿದ್ದರೂ ಉಪಯೋಗವಿರಲಿಲ್ಲ. ಐವತ್ತರ ಹತ್ತಿರ ಬಂದ ಗಂಡಸು ಇನ್ನೂ ಟೀವಿ ಕುಸ್ತಿ ನೋಡುತ್ತಾನೆಂದರೆ ಜನಕ್ಕೆ ನಗು. “ಅದೆಲ್ಲ ಡ್ರಾಮಾ ಕಣ್ರೀ, ಯಾರು ಗೆಲ್ಬೇಕು ಅಂತ ಮೊದ್ಲೇ ಬರ್ದಿಟ್ಟಿರ್ತಾರೆ” ಎಂದು ನನಗೇ ಪಾಠ ಹೇಳುತ್ತಾರೆ, ಮೂವತ್ತೈದು ವರ್ಷ ನೋಡಿದವನಿಗೆ! ಹೀಗೆ ಹೇಳುವವರೇ ಸಂಜೆ ಮನೆಗೆ ಹೋಗಿ ಧಾರಾವಾಹಿಯ ಅತ್ತೆಗೆ ಹಿಡಿಶಾಪ ಹಾಕುವುದನ್ನು ನಾನು ಬಲ್ಲೆ. ಒಮ್ಮೆ ಕಾರ್ಖಾನೆಗೆ ಹೊಸದಾಗಿ ಸೇರಿದವರೊಬ್ಬರು ಕ್ಯಾಂಟೀನಿಗೆ ಕುಸ್ತಿಯವನ ಚಿತ್ರವಿದ್ದ ಟೀಶರ್ಟು ಹಾಕಿಕೊಂಡು ಬಂದಿದ್ದರು. ನನಗೆ ಸಂಭ್ರಮವೋ ಸಂಭ್ರಮ. ತಟ್ಟೆ ಎತ್ತಿಕೊಂಡು ಹೋಗಿ ಎದುರು ಕೂತು, ನಿನ್ನೆಯ ಕುಸ್ತಿ ನೋಡಿದಿರಾ ಎಂದು ಕೇಳಿದೆ. ಅವರು ತಮ್ಮ ಎದೆಯನ್ನೇ ಬಗ್ಗಿ ನೋಡಿಕೊಂಡು, “ಇದಾ ಸಾರ್? ಫುಟ್‌ಪಾತಲ್ಲಿ ತಗೊಂಡಿದ್ದು. ಯಾರು ಇವ್ನು, ಸಿನಿಮಾದವ್ನಾ?” ಎಂದರು. ಅವತ್ತು ಕ್ಯಾಂಟೀನಿನ ಸಾರು ಕೂಡ ಸಪ್ಪೆಯಾಗಿತ್ತು.

ರಾಜೀವನಗರದಲ್ಲಿ ಮಹಡಿ ಮೇಲೆ ಒಂದು ರೂಮು, ಒಂದು ಅಡುಗೆಮನೆ, ನಾನು. ಮದುವೆಯಾಗಲಿಲ್ಲ, ಅದಕ್ಕೆ ಕುಸ್ತಿ ಕಾರಣವಲ್ಲ. ಎರಡನೇ ಶಿಫ್ಟಿರುವ ವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ನೋಡುತ್ತೇನೆ. ಹಿಂದೆ ವಾರಗಟ್ಟಲೆ ಕಾಯಬೇಕಿತ್ತು, ಈಗ ಅಲ್ಲಿ ನಡೆದದ್ದು ಆಗಲೇ ಇಲ್ಲಿ. ಪೈಲ್ವಾನನ ಬೆವರಿನ ಹನಿಯೂ ಕಾಣುವಷ್ಟು ಚಿತ್ರ ಸ್ಪಷ್ಟ. ಪಕ್ಕದಲ್ಲಿ ಕೂತು ಜಗಳವಾಡುವವರು ಮಾತ್ರ ಇಲ್ಲ. ಒಬ್ಬನೇ ಕೂತು ಕುಸ್ತಿ ನೋಡುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಆದರೂ ನೋಡುತ್ತೇನೆ.

ಜಗಳವಾಡುವವನೊಬ್ಬ ಇದ್ದ. ಲಕ್ಷ್ಮೀಪುರಂನ ವಠಾರದಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಕೇಬಲ್ ಬಂದ ಹೊಸದರಲ್ಲಿ ಟೀವಿ ಇದ್ದದ್ದು ಅವರ ಮನೆಯಲ್ಲಿ. ಭಾನುವಾರ ಮಧ್ಯಾಹ್ನ ಉಂಡ ಕೈ ಒಣಗುವ ಮೊದಲೇ ನಾನು ಅವರ ಹಾಲಿನಲ್ಲಿ ಹಾಜರು. ಅವನ ಅಪ್ಪ ವಯಸ್ಸಿನಲ್ಲಿ ಗರಡಿಗೆ ಹೋದವರು. ದಸರಾ ಕುಸ್ತಿಯಲ್ಲಿ ಮಣ್ಣು ಮುಕ್ಕಿದವರು, ಮುಕ್ಕಿಸಿದವರು. ಟೀವಿ ಕುಸ್ತಿಯನ್ನು ಮೊದಮೊದಲು ಕೋತಿ ಕುಣಿತ ಎನ್ನುತ್ತಿದ್ದರು. ಆದರೆ ಹಸಿರು ಚಡ್ಡಿ ಹಾಕುತ್ತಿದ್ದ ಒಬ್ಬ ಪೈಲ್ವಾನ ರಿಂಗಿಗೆ ಹತ್ತಿದ ಕೂಡಲೇ ನೆಲ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ. ಅದೊಂದನ್ನು ನೋಡಿ ಅವರು, “ಇವ್ನು ಯಾವ್ದೋ ಒಳ್ಳೆ ಗರಡೀಲಿ ಪಳಗಿರೋನು ಕಣ್ರೋ, ನೆಲಕ್ಕೆ ಮರ್ಯಾದೆ ಕೊಡ್ತಾನೆ” ಎಂದುಬಿಟ್ಟರು. ಅಂದಿನಿಂದ ಆ ಮನೆಗೆ ಹಸಿರು ಚಡ್ಡಿಯವನೇ ಮನೆದೇವರು.

ನನಗೂ ಅವನೇ ಇಷ್ಟ. ತೊಡಕು ಶುರುವಾದದ್ದೇ ಅಲ್ಲಿ. “ಇಬ್ರೂ ಅವ್ನ ಕಡೆನೇ ಆಗ್ಬುಟ್ರೆ ಏನ್ ಮಜಾ ಇರ್ತದೆ? ನೀನು ಎದುರು ಪಾರ್ಟಿ ಆಗು” ಎಂದ ಗೆಳೆಯ. ಟೀವಿ ಅವರದು, ಆದ್ದರಿಂದ ಮಾತೂ ಅವನದೇ. ಒಪ್ಪಿಕೊಂಡೆ. ಗಡ್ಡ ಬಿಟ್ಟ ಒಬ್ಬ ದುಷ್ಟನಿದ್ದ, ರೆಫ್ರಿ ಅತ್ತ ತಿರುಗಿದ ಹೊತ್ತು ನೋಡಿ ಕುರ್ಚಿಯಿಂದ ಬಡಿಯುವವನು. ಅವನು ನನ್ನ ಪಾಲಿಗೆ ಬಂದ. ಹಸಿರು ಚಡ್ಡಿಯವನು ಬಿದ್ದಾಗಲೆಲ್ಲ ಗೆಳೆಯ ನೆಲಕ್ಕೆ ಅಂಗೈ ಬಡಿಯುತ್ತ “ಏಳೋ! ಏಳೋ!” ಎಂದು ಕೂಗಬೇಕು, ನಾನು ಎದ್ದು ನಿಂತು ತೊಡೆ ತಟ್ಟಿ “ಮುಗೀತು, ಎತ್ಕೊಂಡೋಗ್ರೋ!” ಎನ್ನಬೇಕು. ಅದು ನಮ್ಮ ಪದ್ಧತಿ. ಐದು ವರ್ಷ ಹಾಗೆ ತೊಡೆ ತಟ್ಟಿದೆ. ಒಂದು ದಿನವೂ ಬಾಯಿತಪ್ಪಿ “ಏಳೋ” ಎನ್ನಲಿಲ್ಲ. ಮನಸ್ಸಿನೊಳಗೆ ಮಾತ್ರ ಅವನಿಗಿಂತ ಜೋರಾಗಿ ಕೂಗುತ್ತಿದ್ದೆ. ಟೀವಿಯೊಳಗಿನವರದು ಡ್ರಾಮಾ ಎನ್ನುವವರಿಗೆ ಟೀವಿಯ ಮುಂದೆ ಕೂತಿದ್ದವನ ಡ್ರಾಮಾ ಏನು ಗೊತ್ತು?

ನಾವು ಪಿಯುಸಿಯಲ್ಲಿದ್ದಾಗ ಗೆಳೆಯನ ಅಪ್ಪ ತೀರಿಕೊಂಡರು. ತಿಥಿ ಮುಗಿದ ಮೂರನೇ ಭಾನುವಾರ ಹಸಿರು ಚಡ್ಡಿಯವನಿಗೂ ಗಡ್ಡದವನಿಗೂ ಕುಸ್ತಿ. ಸೋತವನು ಕುಸ್ತಿಯನ್ನೇ ಬಿಟ್ಟು ಹೋಗಬೇಕೆಂಬ ಷರತ್ತು. ಗೆಳೆಯನ ಅಮ್ಮ, “ಬಾಪ್ಪ, ಅವ್ನು ನಗೋದನ್ನ ನೋಡಿ ತಿಂಗ್ಳಾಯ್ತು. ಮುಂಚಿನಂಗೆ ಇಬ್ರೂ ಕೂತ್ಕೊಂಡು ನೋಡಿ” ಎಂದು ನನ್ನನ್ನು ಕರೆದರು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಮುಂಚಿನಂತೆ ಇರಬೇಕೆಂದರೆ ಎದುರು ಪಾರ್ಟಿ ಚೆನ್ನಾಗಿ ಅರಚಬೇಕಲ್ಲ! ಅರಚಿದೆ. ಹಸಿರು ಚಡ್ಡಿಯವನು ಬಿದ್ದ. ಗೆಳೆಯ ನೆಲ ಬಡಿದ. ರೆಫ್ರಿ ಎಣಿಸಿದ. ಅವನು ಏಳಲಿಲ್ಲ. ನಾನು ತೊಡೆ ತಟ್ಟಿ, ಒಂದು ಸುತ್ತು ಕುಣಿದೂ ಬಿಟ್ಟು, “ಮುಗೀತು, ಎತ್ಕೊಂಡೋಗ್ರೋ!” ಎಂದು ಕಿರುಚಿದೆ. ಗೋಡೆಯ ಮೇಲೆ ಅವನ ಅಪ್ಪನ ಫೋಟೋ ಇತ್ತು, ಅದಕ್ಕೆ ಗಂಧದ ಹಾರ. ಆ ಮಾತು ಬಾಯಿಂದ ಹೋದಮೇಲೆ ಅದು ನನ್ನ ಕಣ್ಣಿಗೆ ಬಿತ್ತು.

ಗೆಳೆಯ ಟೀವಿ ಆರಿಸಿದ. “ಆಚೆ ಹೋಗೋ” ಎಂದ. “ಇನ್ಮೇಲೆ ಬರ್ಬೇಡ.”

ನಾನೂ ಅವನ ಕಡೆಯೇ ಕಣೋ ಎನ್ನಬಹುದಿತ್ತು. ಐದು ವರ್ಷದ ಸುಳ್ಳನ್ನು ಆ ಹೊತ್ತಿನಲ್ಲಿ ಬಿಚ್ಚುವುದು ಹೇಗೆಂದು ತಿಳಿಯಲಿಲ್ಲ. ನಮ್ಮ ಮನೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಸಿರು ಚಡ್ಡಿಯವನಿಗಾಗಿಯೋ, ಗೆಳೆಯನ ಅಪ್ಪನಿಗಾಗಿಯೋ, ನನಗಾಗಿಯೋ, ಇವತ್ತಿಗೂ ಹೇಳಲಾರೆ.

ಎರಡು ವರ್ಷದ ಮೇಲೆ ನಾವು ವಠಾರ ಬಿಟ್ಟೆವು. ಮೈಸೂರೇನು ಮಹಾ ದೊಡ್ಡ ಊರಲ್ಲ. ಯಾರದೋ ಮದುವೆಯಲ್ಲಿ, ಮಾರ್ಕೆಟ್ಟಿನಲ್ಲಿ ಅವನು ಸಿಗುತ್ತಿದ್ದ. “ಚೆನ್ನಾಗಿದ್ದೀಯಾ?” “ಹೂಂ, ನೀನು?” ಅಷ್ಟೇ. ಕುಸ್ತಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಸಿರು ಚಡ್ಡಿಯವನು ಸತ್ತ ದಿನ ಮಾತ್ರ ತಡೆಯಲಾಗಲಿಲ್ಲ. ಶಿಫ್ಟು ಬಿಟ್ಟಮೇಲೆ ಮನೆಯ ಕಡೆಗೆ ಹೋಗದೆ ಲಕ್ಷ್ಮೀಪುರಂಗೆ ಹೋದೆ. ಅಲ್ಲಿ ಗೆಳೆಯನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿದೆ: ನಾನೂ ಅವನ ಕಡೆಯೇ ಇದ್ದೆ ಕಣೋ. ಮೂವತ್ತು ವರ್ಷ ತಡವಾದರೇನು, ಹೇಳಿಬಿಟ್ಟರೆ ಜೊತೆಗೆ ಕೂತು ಅಳುವುದಕ್ಕೆ ಒಬ್ಬ ಸಿಗುತ್ತಾನೆ ಎಂಬ ಆಸೆ.

ಅಂಗಡಿಯ ಗೋಡೆಯಲ್ಲಿ ದೇವರುಗಳ ನಡುವೆ ಹಸಿರು ಚಡ್ಡಿಯವನು ನಿಂತಿದ್ದ. ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿ, ಮಲ್ಲಿಗೆ ಹಾರ ಬೇರೆ. ಗೆಳೆಯ ನನ್ನನ್ನು ಕಂಡವನೇ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

“ಗೊತ್ತಾಯ್ತಾ?” ಎಂದ.

“ಬೆಳಿಗ್ಗೆ ಬಸ್ಸಲ್ಲಿ ನೋಡ್ದೆ.”

“ಬಂದೋರೆಲ್ಲ ಯಾರು ಸಾರ್ ಇವ್ರು ಅಂತಾರೆ. ನಮ್ಮ ದೊಡ್ಡಪ್ಪನ ಕಡೆಯೋರು ಅಂದ್ಬುಟ್ಟೆ.” ನಗಲು ಹೋದವನು ಮುಖ ತಿರುಗಿಸಿ ಫೋಟೋದ ಹಾರ ಸರಿಪಡಿಸಿದ.

ಒಳಗಿನಿಂದ ಕಾಲೇಜು ಓದುವ ಮಗಳು ಬಂದಳು. “ಇವ್ನೇ ಕಣಮ್ಮ, ನಾನು ಹೇಳ್ತಿದ್ನಲ್ಲ” ಎಂದ. ಅವಳ ಮುಖ ಅರಳಿತು. “ಓ, ಎದುರು ಪಾರ್ಟಿ ಅಂಕಲ್ಲಾ! ನೀವು ತೊಡೆ ತಟ್ಟಿದ್ರೆ ಗೋಡೆ ಅದುರ್ತಿತ್ತಂತೆ. ಅಪ್ಪ ಎಷ್ಟು ಸಲ ಹೇಳಿದಾರೆ!”

ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನೇ ಮಾತು ತೆಗೆದ. “ಅವತ್ತು ಅಪ್ಪನ ಸಂಕಟದಲ್ಲಿ ನಿನ್ನ ಆಚೆ ಹಾಕ್ಬುಟ್ಟೆ. ಆಮೇಲೆ ಎಷ್ಟೋ ಭಾನುವಾರ ಒಬ್ನೇ ಕೂತ್ಕೊಂಡು ನೋಡ್ದೆ ಕಣೋ, ಬೈಯೋರು ಇಲ್ದೆ ಸಪ್ಪೆ ಹೊಡೀತಿತ್ತು. ಗೋಡೆ ತಟ್ಟಿ ಕರೆಯಣ ಅನ್ಕೋತಿದ್ದೆ, ಮುಖ ಇರ್ಲಿಲ್ಲ.” ಫೋಟೋದತ್ತ ನೋಡಿದ. “ಇವತ್ತು ಬೆಳಿಗ್ಗೆಯಿಂದ ನೀನು ಬರ್ತೀಯ ಅಂತ ಕಾಯ್ತಿದ್ದೆ. ಒಂದ್ಸಲ ಹೇಳೋ. ಮುಂಚಿನಂಗೆ.”

ಮೂವತ್ತು ವರ್ಷ ಈ ಮನುಷ್ಯ ಒಬ್ಬ ಎದುರು ಪಾರ್ಟಿಯವನನ್ನು ಜೋಪಾನ ಮಾಡಿಟ್ಟುಕೊಂಡಿದ್ದಾನೆ, ಮಗಳಿಗೂ ಅವನ ಕಥೆ ಹೇಳಿ ಬೆಳೆಸಿದ್ದಾನೆ. ಅಂಥವನು ಇರಲೇ ಇಲ್ಲವೆಂದು ಈಗ ಹೇಳಿದರೆ ಒಂದೇ ದಿನ ಇಬ್ಬರನ್ನು ಕಳೆದುಕೊಳ್ಳುತ್ತಾನೆ. ನನಗೆ ಸಿಟ್ಟೂ ಬಂತು. ಒಮ್ಮೆಯಾದರೂ ನನ್ನ ಮುಖ ಸರಿಯಾಗಿ ನೋಡಿದ್ದರೆ ಇವನಿಗೆ ತಿಳಿಯುತ್ತಿರಲಿಲ್ಲವೇ?

ತೊಡೆ ತಟ್ಟಿದೆ. ಮಂಡಿ ನೋವಿನ ಕಾಲು, ಮೊದಲಿನ ಸದ್ದು ಬರಲಿಲ್ಲ. “ಮುಗೀತು” ಎಂದೆ. “ಎತ್ಕೊಂಡೋಗ್ರೋ!”

ಗೆಳೆಯ ಎರಡೂ ಅಂಗೈಯಿಂದ ಅಂಗಡಿಯ ಮೇಜು ಬಡಿದ. “ಏಳೋ! ಏಳೋ!” ಎನ್ನುತ್ತಲೇ ಅತ್ತ. ನಗಬೇಕೋ ಬೇಡವೋ ತಿಳಿಯದೆ ಮಗಳು ಅಪ್ಪನ ಬೆನ್ನು ಸವರಿದಳು. ಕಾಫಿ ಕುಡಿದು ಹೊರಟಾಗ ಅವನು ಬಾಗಿಲವರೆಗೆ ಬಂದು, “ಭಾನುವಾರ ಬಾರೋ ಬೈಯೋಕೆ” ಎಂದ. ಬರುತ್ತೇನೆ ಎಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಬಟ್ಟೆಯನ್ನೂ ಬದಲಾಯಿಸದೆ ನೆಲದ ಮೇಲೆ ಕೂತು ಫೋನಿನಲ್ಲಿ ಆ ಕೊನೆಯ ಕುಸ್ತಿ ಹಾಕಿದೆ. ಹಸಿರು ಚಡ್ಡಿಯವನು ಬಿದ್ದ. ರೆಫ್ರಿ ಬಗ್ಗಿ ಎಣಿಸತೊಡಗಿದ. ನಾನು ನೆಲಕ್ಕೆ ಅಂಗೈ ಬಡಿದು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು “ಏಳೋ” ಎಂದೆ. “ಏಳೋ, ಏಳೋ.”

ಕೆಳಗಿನ ಮನೆಯವರು ಮೆಟ್ಟಿಲ ಬುಡದಿಂದ ಕೂಗಿದರು: “ಏನ್ರೀ ಅದು ಸದ್ದು? ಯಾರಾದ್ರೂ ಬಂದಿದಾರಾ?”

“ಇಲ್ಲ ಕಣ್ರೀ” ಎಂದೆ. “ಯಾರೂ ಬಂದಿಲ್ಲ.”